ನನ್ನ ಮಂಗಳವಾರದ ಕ್ಲಾಸು

ಜನವರಿ 7, ಮಂಗಳವಾರ

ಕ್ಲಾಸು ಮುಗಿಸಿ, ಮ್ಯಾಟ್ ಒರೆಸಿ, ಕಾಫಿ ಪಾತ್ರೆ ತೊಳೆದು ಬಂದೆ. ಚರ್ಚಿನ ನೆಲಮಾಳಿಗೆ ಇವತ್ತು ಐಸ್ ಪೆಟ್ಟಿಗೆ. ಎಂಟೂ ಜನ ಬಂದಿದ್ದರು. ಲೆಂಪಿ ಎಂದಿನಂತೆ ತಡ. ಎಂದಿನಂತೆ ಏಲಕ್ಕಿ ಬನ್ನು ತಂದು ಬಾಯಿ ಮುಚ್ಚಿಸಿದಳು. ವಯಸ್ಸು ಎಪ್ಪತ್ತೊಂಬತ್ತು, ನಾಲಿಗೆಗೆ ಇನ್ನೂ ಹತ್ತೊಂಬತ್ತು.

ಬೀಗ ಹಾಕುವಾಗ ಡ್ವೇನ್ ಬಂದ. ಹಾಲ್ ನೋಡಿಕೊಳ್ಳುವವನು.

"ಆರ್ಡಿಸ್, ಒಂದ್ ವಿಷ್ಯ. ಬೇಜಾರ್ ಮಾಡ್ಕೋಬೇಡಿ."

ಹೀಗೆ ಶುರು ಮಾಡುವವರು ಬೇಜಾರು ಮಾಡಿಸದೆ ಹೋಗುವುದಿಲ್ಲ.

"ವಿಮೆಯವರು ತಕರಾರು ತೆಗೆದಿದಾರೆ. ಪಿಲಾಟೆಸ್ ಹೇಳಿಕೊಡೋರ ಹತ್ರ ಸರ್ಟಿಫಿಕೇಟ್ ಇರ್ಲೇಬೇಕಂತೆ. ಮೇ ಒಳಗೆ."

"ಇಪ್ಪತ್ತೇಳು ವರ್ಷದಿಂದ ಇದೇ ಹಾಲಲ್ಲಿ ಹೇಳಿಕೊಡ್ತಿದೀನಿ. ಆಗ ನೀನು ಮೂಗು ಸುರಿಸ್ಕೊಂಡು ಭಾನುವಾರದ ಶಾಲೆಗೆ ಬರ್ತಿದ್ದೆ."

"ನಂಗೆ ಗೊತ್ತು. ವಿಮೆಯವರಿಗೆ ಗೊತ್ತಿಲ್ವಲ್ಲ."

ಈ ಊರಲ್ಲಿ ಪಿಲಾಟೆಸ್ ಟೀಚರ್ ಟ್ರೈನಿಂಗ್ ಕೊಡುವವಳು ಒಬ್ಬಳೇ. ಸಿಗ್ನಿ. ನನ್ನ ಶಿಷ್ಯೆ. ನಾನೇ ಕೈ ಹಿಡಿದು ಉಸಿರಾಡಲು ಕಲಿಸಿದವಳು.

ಊಟಕ್ಕೆ ಕೂತಾಗ ಓರಿನ್‌ಗೆ ಹೇಳಿದೆ. ಹಡಗಿಗೆ ಅದಿರು ತುಂಬುವ ಡಾಕ್ ಕೆಲಸದಿಂದ ನಿವೃತ್ತನಾದ ಮೇಲೆ ನನ್ನ ಗಂಡನಿಗೆ ಎರಡೇ ಆಸಕ್ತಿ — ಸರೋವರದ ಮಂಜು ಕೊರೆದು ಮೀನು ಹಿಡಿಯುವುದು, ನನ್ನನ್ನು ಕೆಣಕುವುದು.

"ಗುರುವಿಗೇ ತಿರುಮಂತ್ರ!" ಅಂದ. ಆಲೂಗಡ್ಡೆ ಬಾಯಲ್ಲಿಟ್ಟುಕೊಂಡೇ ನಕ್ಕ. "ಮೊದಲನೇ ಬೆಂಚಲ್ಲಿ ಕೂರ್ತೀಯೋ, ಕೊನೇದರಲ್ಲೋ?"

ಉಪ್ಪಿನ ಡಬ್ಬಿ ಅವನ ಕೈಗೆ ಸಿಗದ ಹಾಗೆ ಇಟ್ಟೆ.


ಜನವರಿ 11, ಶನಿವಾರ

ಸಿಗ್ನಿಯ ಸ್ಟುಡಿಯೋ. ಸರೋವರದ ಕಡೆ ಪೂರ್ತಿ ಗಾಜು. ಹೆಪ್ಪುಗಟ್ಟಿದ ನೀರು ನೋಡುತ್ತ ಮಲಗಿದರೆ ಮನಸ್ಸು ಶಾಂತವಾಗುತ್ತಂತೆ. ನನಗೆ ಬರೀ ಚಳಿಯಾಯಿತು. ಕುಡಿಯುವ ನೀರಿನಲ್ಲಿ ಸೌತೆಕಾಯಿ ಚೂರು. ನೀರನ್ನು ನೀರಾಗಿ ಕೊಟ್ಟರೆ ಇವರ ಗಂಟೇನು ಹೋಗುತ್ತೋ.

ಐದು ಹುಡುಗಿಯರು ಮತ್ತು ನಾನು. ಪೈಪರ್ ಅಂತ ಒಬ್ಬಳು, ನನ್ನ ಪಕ್ಕದ ಮ್ಯಾಟು. ನನ್ನ ಕಾಲುಚೀಲಕ್ಕೆ ಅವಳಿಗಿಂತ ಹೆಚ್ಚು ವಯಸ್ಸು.

ಸಿಗ್ನಿ ಪರಿಚಯ ಮಾಡಿಕೊಟ್ಟಳು. "ಇವರು ಆರ್ಡಿಸ್. ತುಂಬಾ ವರ್ಷದಿಂದ ವಯಸ್ಸಾದವರಿಗೆ ವ್ಯಾಯಾಮ ಹೇಳಿಕೊಡ್ತಾರೆ."

ವ್ಯಾಯಾಮ! ಪಿಲಾಟೆಸ್ ಅನ್ನಲಿಕ್ಕೂ ಬಾಯಿ ಬರಲಿಲ್ಲ.

ಗೋಡೆ ಮೇಲೆ ಅವಳ ಗುರುಗಳ ಫೋಟೋಗಳು. ಎಲ್ಲ ಶಿಕಾಗೋದವರು. ಎಲ್ಲರಿಗೂ ಒಂದೇ ಥರ ಕತ್ತು. ನಾನಿಲ್ಲ. ಹುಡುಕಲಿಲ್ಲ, ಕಣ್ಣಿಗೆ ಬಿತ್ತು ಅಷ್ಟೇ.

ಬೆಳಗ್ಗೆ ಪೂರ್ತಿ ಉಸಿರಿನ ಪಾಠ. "ಹೊಟ್ಟೆ ಉಬ್ಬಿಸ್ಬೇಡಿ, ಹೆಗಲು ಎತ್ಬೇಡಿ. ಪಕ್ಕೆಲುಬು ಪಕ್ಕಕ್ಕೆ ಅರಳ್ಲಿ, ಕೊಡೆ ಬಿಚ್ಚಿದ ಹಾಗೆ. ಬಿಡುವಾಗ ಕೊಡೆ ಮಡಚಿ. ಮಡಚ್ತಾ ಹೋದ ಹಾಗೆ ಕೆಳಹೊಟ್ಟೆ ತಾನಾಗೇ ಒಳಗೆ ಹೋಗುತ್ತೆ. ಅಲ್ಲಿ ಬೆಲ್ಟ್ ಥರ ಸುತ್ಕೊಂಡಿರೋ ಒಂದು ಸ್ನಾಯು ಇದೆ. ಅದನ್ನ ಎಬ್ಬಿಸಿ."

ಕೊಡೆ ನನ್ನದು. ಚರ್ಚಿನ ನೆಲಮಾಳಿಗೆಯಲ್ಲಿ ನಿಜವಾದ ಕೊಡೆ ಬಿಚ್ಚಿ ತೋರಿಸಿದ್ದೆ ಇವಳಿಗೆ. ಹುಡುಗಿಯರು ಬರೆದುಕೊಂಡರು. ಪೈಪರ್ ಪಿಸುಗುಟ್ಟಿದಳು — "ಎಷ್ಟ್ ಚೆನ್ನಾಗ್ ಹೇಳ್ತಾರಲ್ವಾ?"

ಆಮೇಲೆ ಸಿಗ್ನಿ ನನ್ನ ಪಕ್ಕೆಗಳ ಮೇಲೆ ಕೈ ಇಟ್ಟಳು. ಬೆಚ್ಚಗಿನ ಕೈ. "ಇಲ್ಲಿಗೆ ಉಸಿರು ಕಳ್ಸಿ, ಆರ್ಡಿಸ್."

ಉಸಿರು ಹಿಡಿದುಕೊಂಡೆ. ಏನು ಮಾಡ್ತಾಳೆ ನೋಡೋಣ ಅಂತ.

ಕೈ ತೆಗೆದು ಮುಂದೆ ಹೋದಳು.


ಜನವರಿ 12, ಭಾನುವಾರ

ಇವತ್ತು ಬಾಯಿ ಬಿಟ್ಟೇ ಜಗಳವಾಯಿತು.

ಅಂಗಾತ ಮಲಗಿದಾಗ ಸೊಂಟ ಹೇಗಿರಬೇಕು ಅನ್ನೋದು ಪಾಠ. ಸೊಂಟದ ಎರಡು ಮೂಳೆ, ಕೆಳಗೆ ನಡುವಿನ ಮೂಳೆ — ಮೂರೂ ಒಂದೇ ಮಟ್ಟ. ಅದರ ಮೇಲೆ ಕಾಫಿ ಬಟ್ಟಲು ಇಟ್ಟರೂ ಚೆಲ್ಲಬಾರದು. ಸೊಂಟದ ಕೆಳಗೆ ನೆಲಕ್ಕೆ ತಾಗದ ಸಣ್ಣ ಸಂದು ಇರಲಿ ಅಂದಳು.

ನಾನು ಇಪ್ಪತ್ತೇಳು ವರ್ಷ ಹೇಳಿದ್ದು — ಸಂದು ಬಿಡಬೇಡಿ, ಬೆನ್ನು ನೆಲಕ್ಕೆ ಅಂಟಿಸಿ.

"ಕೆಲವರು ಇನ್ನೂ ಬೆನ್ನು ಅಂಟಿಸಿ ಅಂತಾರೆ," ಅಂದಳು ಸಿಗ್ನಿ. "ಹಳೇ ಕಾಲದ ಮಾತು. ಬೆನ್ನಿನ ಬಾಗು ದೇವರು ಸುಮ್ಮನೆ ಇಟ್ಟಿಲ್ಲ."

"ಯಾರು ಆ ಕೆಲವರು?" ಅಂದೆ.

"ಹೆಸರು ಹೇಳಲ್ಲ."

"ಹೇಳು. ಇಲ್ಲೇ ಮಲಗಿದಾಳಲ್ಲ."

ಹುಡುಗಿಯರು ಚಾವಣಿ ನೋಡಿದರು. ಸಿಗ್ನಿ ಬಂದು ನನ್ನ ಮ್ಯಾಟಿನ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಧ್ವನಿ ಜೇನು. "ಆರ್ಡಿಸ್, ನೀವು ಕಲ್ತಾಗ ಅದೇ ಸರಿ ಅಂತಿದ್ರು. ಅದು ನಿಮ್ಮ ತಪ್ಪಲ್ಲ."

ಕ್ಷಮಿಸುತ್ತಿದ್ದಾಳೆ! ಮೂವತ್ತೇಳರ ಹುಡುಗಿ ನನ್ನನ್ನು ಕ್ಷಮಿಸುತ್ತಿದ್ದಾಳೆ, ಐದು ಜನರ ಎದುರು.

ಮನೆಗೆ ಬಂದು ನೆಲದ ಮೇಲೆ ಮಲಗಿ, ಸೊಂಟದ ಮೇಲೆ ಕಾಫಿ ಬಟ್ಟಲು ಇಟ್ಟು ನೋಡಿದೆ. ಅವಳು ಹೇಳಿದ ಹಾಗೆ ಮಾಡಿದಾಗ ಚೆಲ್ಲಲಿಲ್ಲ. ತೊಡೆಯ ಸಂದಿನ ಬಿಗಿ ಕೂಡ ಸಡಿಲವಾಯಿತು. ಓರಿನ್ ಬಾಗಿಲಲ್ಲಿ ನಿಂತಿದ್ದ.

"ಮೇಜು ಇಲ್ವೇನೇ ಮನೇಲಿ?"


ಜನವರಿ 25, ಶನಿವಾರ

ಅಸ್ಥಿಪಂಜರದ ದಿನ. ಪ್ಲಾಸ್ಟಿಕ್ಕಿನದು, ಉಣ್ಣೆ ಟೋಪಿ ಹಾಕಿ ನಿಲ್ಲಿಸಿದ್ದಾರೆ. ಬೆನ್ನುಮೂಳೆಯ ಮಣಿ ಒಂದೊಂದಾಗಿ ಮುಟ್ಟಿ ತೋರಿಸಿದಳು ಸಿಗ್ನಿ. ಮುಂದೆ ಡಬ್ಬಿಯಂಥ ದಪ್ಪ ಭಾಗ, ಭಾರ ಹೊರುವುದು ಅದೇ. ಹಿಂದೆ ಕೀಲು. ನಡುವೆ ನರದ ಓಣಿ. ಮಣಿಯಿಂದ ಮಣಿಗೆ ಹೊಲಿಗೆ ಹಾಕಿದ ಹಾಗೆ ಬೆರಳುದ್ದದ ಸ್ನಾಯುಗಳು. ಚೆನ್ನಾಗಿ ಹೇಳಿದಳು. ಹೇಳಲಿ, ಅದಕ್ಕೇ ದುಡ್ಡು ತಗೊಳ್ಳೋದು.

ಆಮೇಲೆ ಒಂದು ಖಾಲಿ ಸೋಡಾ ಕ್ಯಾನ್ ತಂದು ನೆಲದ ಮೇಲಿಟ್ಟಳು. ಅಂಗೈಯಿಂದ ನೇರ ಒತ್ತಿದಳು. ಏನೂ ಆಗಲಿಲ್ಲ. ಮುಂದಿನ ಅಂಚಿಗೆ ಭಾರ ಬಿಟ್ಟು ಒತ್ತಿದಳು. ಲೊಟಕ್. ಮುಂಭಾಗ ಕುಸಿಯಿತು, ಹಿಂಭಾಗ ಹಾಗೇ ನಿಂತಿತು.

"ಟೊಳ್ಳು ಮೂಳೆ ಅಂದ್ರೆ ಇದು. ಬೆನ್ನು ಮುಂದಕ್ಕೆ ಸುರುಳಿ ಸುತ್ತಿದ್ರೆ ಭಾರ ಎಲ್ಲ ಮುಂದಿನ ಅಂಚಿಗೇ. ಹೊರಗಿಂದ ಗೊತ್ತಾಗಲ್ಲ. ನೋವೂ ಇರಲ್ಲ, ಮುರಿಯೋವರೆಗೆ. ಹಾಗಾಗಿ ಕ್ಲಾಸಿಗೆ ಬರೋರನ್ನ ಮೊದಲ್ನೇ ದಿನಾನೇ ಕೇಳಿ. ಅಂಥವರಿಗೆ ಮಲಗಿದಲ್ಲಿಂದ ಸುತ್ಕೊಂಡು ಏಳೋ ರೋಲ್ ಅಪ್ ಬೇಡ. ಕಾಲು ತಲೆ ಮೇಲಿಂದ ಹಿಂದಕ್ಕೆ ಹಾಕೋ ರೋಲ್ ಓವರ್ ಅಂತೂ ಬೇಡವೇ ಬೇಡ. ಬೋರಲು ಮಲಗ್ಸಿ, ಎದೆ ಎತ್ತಿಸಿ, ಬೆನ್ನಿನ ಸ್ನಾಯು ಗಟ್ಟಿ ಮಾಡಿಸಿ."

ಪೈಪರ್ ಕೈ ಎತ್ತಿದಳು. "ಅಂಥವರೇ ಟೀಚರ್ ಆಗ್ಬೇಕು ಅಂತ ಬಂದ್ರೆ?"

"ಎಲ್ಲಾನೂ ಮಾಡಿ ತೋರಿಸ್ದೆ ಸರ್ಟಿಫಿಕೇಟ್ ಇಲ್ಲ. ಅದು ನಿಯಮ."

ನನ್ನ ಕಡೆ ನೋಡಲಿಲ್ಲ. ನೋಡಲಿಲ್ಲ ಅನ್ನುವುದು ಎದ್ದು ಕಾಣುವಷ್ಟು ನೋಡಲಿಲ್ಲ.

ಇಲ್ಲೂ ಬರೆಯಬಾರದು ಅಂದುಕೊಂಡಿದ್ದೆ. ಬರೀತೀನಿ. ನವೆಂಬರಿನಲ್ಲಿ ಮೆಟ್ಟಿಲ ಮಂಜಿನ ಮೇಲೆ ಜಾರಿ ಮಣಿಕಟ್ಟು ಬಿರುಕು ಬಿಟ್ಟಿತಲ್ಲ, ಆಗ ಡಾಕ್ಟರು ಮೂಳೆಯ ಸ್ಕ್ಯಾನ್ ಮಾಡಿಸಿದ್ದರು. ಬೆನ್ನುಮೂಳೆ ಟೊಳ್ಳಾಗಿದೆ ಅಂದರು. ಮಾತ್ರೆ ಕೊಟ್ಟರು. ಡ್ರಾಯರಿನಲ್ಲಿದೆ. ಓರಿನ್‌ಗೆ ಹೇಳಿದ್ದು — ಕೈ ಉಳುಕಿದೆ ಅಷ್ಟೇ.

ನನಗೆ ಅರವತ್ತೊಂದು ವರ್ಷ. ಈ ಊರಲ್ಲಿ ನನ್ನ ಬೆನ್ನು ನೋಡಿ ಜನ ನೆಟ್ಟಗೆ ಕೂರುತ್ತಿದ್ದರು.

ಸರ್ಟಿಫಿಕೇಟ್ ಬಂದ ಮೇಲೆ ಮಾತ್ರೆ. ಅಲ್ಲೀವರೆಗೆ ಯಾರಿಗೂ ಗೊತ್ತಾಗೋದು ಬೇಡ.


ಜನವರಿ 28, ಮಂಗಳವಾರ

ಕ್ಲಾಸಿನಲ್ಲಿ ರೋಲ್ ಅಪ್ ಬಿಟ್ಟೆ. ಸೀದಾ ಬೋರಲು ಮಲಗಿಸಿದೆ.

ಲೆಂಪಿ ಮ್ಯಾಟಿನಿಂದ ತಲೆ ಎತ್ತಿ, "ಏನ್ ಹುಡ್ಗೀ, ಸುತ್ಕೊಂಡು ಏಳೋದು ಮರ್ತೇ ಹೋಯ್ತಾ?"

"ಮ್ಯಾಟ್ ತೆಳುವಾಗಿದೆ. ಹೊಸದು ಬರೋವರೆಗೆ ಬೇಡ."

"ಇಪ್ಪತ್ತೇಳು ವರ್ಷದಿಂದ ತೆಳುವೇ ಇತ್ತಲ್ಲ. ಸಿಗ್ನಿ ಹೇಳಿಕೊಟ್ಳಾ?"

"ಸಿಗ್ನಿ ನನಗೆ ಹೇಳಿಕೊಡೋಕೆ ಇನ್ನೊಂದು ಜನ್ಮ ಎತ್ತಬೇಕು. ಮೂಗು ಕೆಳಗೆ. ಎದೆ ಮೇಲೆ. ಬಾಯಿ ಮುಚ್ಚಿ."

"ಬಾಯಿಗೆ ಯಾವ ಸ್ನಾಯು ಕಣೇ?" ಅಂದಳು. ಎಂಟೂ ಜನ ಬೋರಲು ಮಲಗಿಕೊಂಡೇ ನಕ್ಕರು. ನೆಲಮಾಳಿಗೆ ಗುಡುಗಿತು.

ಆ ಎಂಟರಲ್ಲಿ ಎಷ್ಟು ಜನರ ಮೂಳೆ ಸೋಡಾ ಕ್ಯಾನೋ. ಕೇಳಬೇಕು. ಕೇಳಿದರೆ ತಿರುಗಿಸಿ ಕೇಳುತ್ತಾರೆ. ಲೆಂಪಿ ಅಂತೂ ಬಿಡುವವಳಲ್ಲ.


ಫೆಬ್ರವರಿ 8, ಶನಿವಾರ

ಮತ್ತೆ ಸ್ಟುಡಿಯೋ. ಇವತ್ತು ಮಾತಿನ ಪಾಠ. ಮಾಡಿ ತೋರಿಸದೆ, ಬರೀ ಬಾಯಲ್ಲಿ ಹೇಳಿ ಇನ್ನೊಬ್ಬರ ದೇಹ ಕದಲಿಸಬೇಕು. ನನ್ನ ಸರದಿಗೆ ಸಿಕ್ಕವಳು ಪೈಪರ್.

ಗಮನ, ಹಿಡಿತ, ನಡು, ಹರಿವು, ನಿಖರತೆ, ಉಸಿರು — ಈ ಆರು ಸೂತ್ರಗಳನ್ನು ಸಿಗ್ನಿ ಗೋಡೆಗೆ ಅಂಟಿಸಿದ್ದಾಳೆ. ಚಂದದ ಅಕ್ಷರ. ನಾನು ಗೋಡೆ ನೋಡಲಿಲ್ಲ, ಹುಡುಗಿಯನ್ನು ನೋಡಿದೆ. ಕಾಲು ಎತ್ತುವ ಮುಂಚೆ ದವಡೆ ಬಿಗಿಹಿಡಿಯುತ್ತಾಳೆ.

"ಪೈಪರ್, ಹಲ್ಲು ಕಚ್ಬೇಡ. ಕಾಲು ಎತ್ತೋದು ಹಲ್ಲಲ್ಲ."

ನಕ್ಕಳು. ಕಾಲು ಗಾಳಿಯ ಹಾಗೆ ಎದ್ದಿತು.

ಸಿಗ್ನಿ ಹಿಂದಿನಿಂದ, "ಚೆನ್ನಾಗಿದೆ. ಆದ್ರೆ ಗದರಿಸ್ಬೇಡಿ. ಗದರಿಸಿದ್ರೆ ದೇಹ ಹೆದರುತ್ತೆ. ಹೆದರಿದ ದೇಹ ಏನೂ ಕಲಿಯಲ್ಲ."

"ಅವಳು ನಗ್ತಿದಾಳೆ."

"ಎಲ್ಲರೂ ನಗಲ್ಲ, ಆರ್ಡಿಸ್."

ಏನು ಅವಳ ಮಾತಿನ ಅರ್ಥ? ಕೇಳಲು ಹೋಗಲಿಲ್ಲ. ಮಧ್ಯಾಹ್ನ ಎಲ್ಲರೂ ಸಲಾಡು ಅಂತ ಎಲೆ ತಿಂದರು. ನಾನು ಕಾರಿನಲ್ಲಿ ಕೂತು ಹ್ಯಾಮ್ ಸ್ಯಾಂಡ್‌ವಿಚ್ ತಿಂದೆ. ಗಾಜಿನ ಹಿಂದಿನಿಂದ ಸಿಗ್ನಿ ನೋಡುತ್ತಿದ್ದಳು.


ಮಾರ್ಚ್ 8, ಶನಿವಾರ. ಸಂಜೆ

ಬರೆಯಲು ಕಷ್ಟ. ನಿಂತುಕೊಂಡೇ, ಅಡುಗೆಮನೆ ಕಟ್ಟೆ ಮೇಲೆ.

ಇವತ್ತು ರೋಲ್ ಓವರ್. ಎಲ್ಲರೂ ಮ್ಯಾಟಿನ ಮೇಲಿದ್ದೆವು. ಸಿಗ್ನಿ ಹೇಳಿದಳು, "ಬೇಡ ಅನ್ನಿಸಿದವರು ಕೂತು ನೋಡ್ಬಹುದು." ಆಮೇಲೆ ನನ್ನ ಕಡೆ ತಿರುಗಿ, ಅದೇ ಜೇನು ಧ್ವನಿಯಲ್ಲಿ, "ಆರ್ಡಿಸ್, ನೀವು ನೋಡಿ. ಸಾಕು."

ಸಾಕು?

"ಯಾಕೆ?"

"ಯಾಕೆ ಅಂತ ನಿಮಗೇ ಗೊತ್ತು ಅನ್ಸುತ್ತೆ."

"ನನಗೇನೂ ಗೊತ್ತಿಲ್ಲ. ಪರೀಕ್ಷೆಯಲ್ಲಿ ಇದೆಯೋ ಇಲ್ವೋ?"

"ಇದೆ."

"ಹಾಗಿದ್ರೆ ಸರಿ ಆ ಕಡೆ."

ಮಲಗಿದೆ. ಕೊಡೆ ಬಿಚ್ಚಿದೆ, ಮಡಚಿದೆ. ಕಾಲು ಎತ್ತಿದೆ. ಸೊಂಟ ನೆಲ ಬಿಟ್ಟಿತು. ಒಂದೊಂದೇ ಮಣಿ, ಒಂದೊಂದೇ ಮಣಿ. ಕಾಲು ತಲೆಯ ಮೇಲಿಂದ ಹೋಗಿ ನೆಲಕ್ಕೆ ಸಮವಾಗಿ ನಿಂತಿತು. ತೂಕ ಒಂದಿಷ್ಟೂ ತಪ್ಪಲಿಲ್ಲ. ಆ ರೂಮಿನಲ್ಲಿ ಯಾರೂ ಹಾಗೆ ಮಾಡಿಲ್ಲ, ಅವಳೂ ಮಾಡಿಲ್ಲ. ಹುಡುಗಿಯರು ಚಪ್ಪಾಳೆ ಹೊಡೆದರು. ಪೈಪರ್ ವಿಡಿಯೋ ಮಾಡಿದಳು.

ಇಳಿಯುವಾಗ ಪಕ್ಕೆಲುಬು ಮುಗಿಯುವ ಜಾಗದಲ್ಲಿ ಏನೋ ಆಯಿತು. ಶಬ್ದ ಅಲ್ಲ. ಒಳಗೆ ಯಾರೋ ರಸ್ಕು ಮುರಿದ ಹಾಗೆ.

ಮುಖ ಕದಲಿಸಲಿಲ್ಲ. ಎದ್ದೆ. ಮ್ಯಾಟು ಸುತ್ತಿದೆ. "ಇನ್ನೇನಾದ್ರೂ ನೋಡ್ಬೇಕಿತ್ತಾ?" ಅಂದೆ. ಸಿಗ್ನಿಯ ಮುಖ ಬಿಳಿ ಗೋಡೆ. ಕಾರು ಓಡಿಸಿಕೊಂಡು ಬಂದೆ. ಪ್ರತಿ ಹಳ್ಳಕ್ಕೂ ಹಲ್ಲು ಕಚ್ಚಿದೆ.

ಶೂ ಬಿಚ್ಚಲು ಬಗ್ಗಲಾಗಲಿಲ್ಲ. ಓರಿನ್ ಮೊಣಕಾಲೂರಿ ಬಿಚ್ಚಿದ. ಕೆಣಕಲಿಲ್ಲ. ಅದಕ್ಕೇ ಭಯವಾಗುತ್ತಿದೆ. ಕೂತರೆ—


ಮಾರ್ಚ್ 29, ಶನಿವಾರ

ಮಲಗಿಕೊಂಡು ಬರೀತಿದೀನಿ. ಪೆನ್ನು ಮೇಲ್ಮುಖವಾದರೆ ಬರೆಯಲ್ಲ. ಪೆನ್ಸಿಲ್.

ಪಕ್ಕೆಲುಬು ಮುಗಿಯುವಲ್ಲಿನ ಮಣಿ ಮುಂದಕ್ಕೆ ಕುಸಿದಿದೆ. ಸೋಡಾ ಕ್ಯಾನೇ. ಸದ್ಯ ನರಕ್ಕೆ ಏನೂ ಆಗಿಲ್ಲ. ಎದೆಯಿಂದ ಸೊಂಟದವರೆಗೆ ಗಟ್ಟಿ ಬೆಲ್ಟು. ಆಸ್ಪತ್ರೆಯಲ್ಲಿ ಡಾಕ್ಟರು ಓರಿನ್ ಎದುರೇ ನವೆಂಬರಿನ ಸ್ಕ್ಯಾನ್ ವಿಷಯ ತೆಗೆದರು. ಓರಿನ್ ಕಿಟಕಿ ಕಡೆ ನೋಡಿದ. ದಿನಾ ಬೆಳಗ್ಗೆ ಮಾತ್ರೆ ನೀರು ತಂದು, ನುಂಗುವವರೆಗೆ ನಿಂತಿರುತ್ತಾನೆ. ನಾಯಿಗೆ ಕೊಡುವ ಹಾಗೆ.

ಮಂಗಳವಾರದ ಕ್ಲಾಸು ಸಿಗ್ನಿ ನಡೆಸುತ್ತಿದ್ದಾಳೆ. ಡ್ವೇನ್ ಕೇಳಿದನಂತೆ. ಕೇಳಿದ ತಕ್ಷಣ ಹೂಂ ಅಂದಳಂತೆ. ಲೆಂಪಿ ಫೋನ್ ಮಾಡಿದ್ದಳು — "ಚೆನ್ನಾಗೇ ಮಾಡಿಸ್ತಾಳೆ ಕಣೇ. ಆದ್ರೆ ಆಸ್ಪತ್ರೆಲಿದ್ದ ಹಾಗಿರುತ್ತೆ. ಯಾರೂ ಬೈಯಲ್ಲ."

ಇವತ್ತು ಸಿಗ್ನಿಯೇ ಬಂದಳು. ಕಾಡಕ್ಕಿ ಸೂಪು ಹಿಡಿದುಕೊಂಡು. ಓರಿನ್ ಬಾಗಿಲು ತೆಗೆದು, ಕೋಟು ತಗಲಿಸಿಕೊಂಡು, ಮೀನಿಗೆ ಅಂತ ಹೊರಟೇ ಹೋದ. ಸರೋವರದಲ್ಲಿ ಐಸ್ ಒಡೆದು ವಾರವಾಯಿತು. ಎಲ್ಲಿಯ ಮೀನು.

"ಕ್ಲಾಸು ಸಿಕ್ತಲ್ಲ, ಇನ್ನೇನು ಬೇಕು?" ಅಂದೆ.

"ನಿಮ್ಮನ್ನ ನೋಡ್ಬೇಕಿತ್ತು."

"ನೋಡಿದೆ. ಹೊರಡು."

ಹೊರಡಲಿಲ್ಲ. ಕುರ್ಚಿ ಎಳೆದುಕೊಂಡು ಕೂತಳು.

"ನನಗೆ ಮೊದಲ್ನೇ ದಿನಾನೇ ಗೊತ್ತಾಯ್ತು, ಆರ್ಡಿಸ್. ಮೊದಲೆಲ್ಲ ನಿಮ್ಮ ಜೊತೆ ಮಾತಾಡೋಕೆ ನಾನು ತಲೆ ಎತ್ತಬೇಕಿತ್ತು. ಜನವರಿಲಿ ಬಾಗಿಲಲ್ಲಿ ನಿಂತಾಗ ನಿಮ್ಮ ಬೈತಲೆ ಕಂಡಿತು ನಂಗೆ. ಅಷ್ಟು ಕುಗ್ಗಿದ್ರಿ."

ಹಾಸಿಗೆ ಕೆಳಗೆ ಯಾರೋ ನೆಲ ಎಳೆದ ಹಾಗಾಯಿತು.

"ಗೊತ್ತಿದ್ದೂ ಸುಮ್ಮನಿದ್ದೆಯಾ?"

"ಕೇಳಿದ್ರೆ ನೀವು ಎದ್ದು ಹೋಗ್ತಿದ್ರಿ."

"ಮೊದಲ್ನೇ ದಿನಾನೇ ಕೇಳಿ ಅಂತ ಹುಡುಗೀರಿಗೆ ಪಾಠ ಹೇಳಿದವಳು ನೀನು. ಎದ್ದು ಹೋಗ್ತಿದ್ದೆ, ಹೋಗ್ಲಿ ಅಂತ ಬಿಡಬೇಕಿತ್ತು. ಮಣಿ ಉಳೀತಿತ್ತು. ಅಷ್ಟೇ ಕಾರಣಾನಾ?"

ಕೈ ನೋಡಿಕೊಂಡಳು.

"ಅಲ್ಲ. ನೀವೇ ಬಾಯಿಬಿಟ್ಟು ನಂಗಾಗಲ್ಲ ಅನ್ನಬೇಕಿತ್ತು. ಎಲ್ಲರೆದುರು. ಅದು ಕೇಳ್ಬೇಕು ಅನ್ನೋ ಆಸೆ ನಂಗೆ." ಜೇನು ಇರಲಿಲ್ಲ ಧ್ವನಿಯಲ್ಲಿ. "ಹತ್ತೊಂಬತ್ತು ವರ್ಷದವಳು ನಾನು. ಹಾಲಲ್ಲಿ ಇಪ್ಪತ್ತು ಜನ. ನನ್ನ ಅಂಗಿ ಮೇಲೆತ್ತಿ, ಬೆನ್ನು ತೋರಿಸಿ, 'ನೋಡಿ, ಸೊಟ್ಟ ಮರ ಅಂದ್ರೆ ಹೀಗಿರುತ್ತೆ' ಅಂದ್ರಿ. ಎಲ್ಲರೂ ನಕ್ರು. ನಾನೂ ನಕ್ಕೆ. ಆವತ್ತಿಂದ ಸಡಿಲ ಅಂಗಿ ಬಿಟ್ಟು ಬೇರೆ ಹಾಕಿಲ್ಲ."

"ನನಗೆ ನೆನಪಿಲ್ಲ."

"ಇರಲ್ಲ. ನಿಮಗ್ಯಾಕೆ ಇರುತ್ತೆ."

ನಿಜವಾಗಿ ನೆನಪಿಲ್ಲ. ಈಗಲೂ ಯೋಚಿಸುತ್ತಿದ್ದೀನಿ. ಅವಳ ಬೆನ್ನು ನೆನಪಿದೆ, ಎರಡು ಕಡೆ ಬಾಗಿದ ಬೆನ್ನು. ಮಾತು ನೆನಪಿಲ್ಲ. ಒಂದು ಮಾತಿಗೆ ಒಂದು ಮಣಿಯಾ? ಹದಿನೆಂಟು ವರ್ಷ ಕಾದು ಕೂತಳಾ? ಬಾಯಿಗೆ ಬಂದ ಹಾಗೆ ಬೈದೆ. ಸೂಪು ತಗೊಂಡು ಹೋಗು ಅಂದೆ. ಎದ್ದು ಬಾಗಿಲು ತೆಗೀತೀನಿ ಅಂತ ಹೊರಳಿದೆ. ನೋವು ಎಲ್ಲಿ ಹಿಡಿಯಿತೆಂದರೆ ಬೈಗುಳ ಅರ್ಧಕ್ಕೇ ನಿಂತಿತು.

"ಹಾಗೆ ಏಳ್ಬೇಡಿ."

"ಮುಟ್ಟಬೇಡ ನನ್ನ!"

"ಮುಟ್ಟಲ್ಲ. ಬಾಯಲ್ಲಿ ಹೇಳ್ತೀನಿ. ಮೊಣಕಾಲು ಮಡಚಿ. ಒಂದೊಂದೇ. ಹೆಗಲು, ಸೊಂಟ ಎರಡೂ ಒಟ್ಟಿಗೆ, ಮರದ ದಿಮ್ಮಿ ಉರುಳೋ ಹಾಗೆ ಪಕ್ಕಕ್ಕೆ. ತಿರುಚ್ಬೇಡಿ. ಈಗ ಉಸಿರು ಪಕ್ಕೆಲುಬಿಗೆ. ಬಿಡ್ತಾ ಕೆಳಹೊಟ್ಟೆ ಒಳಗೆ. ಕಾಲು ಕೆಳಗೆ ಬಿಡಿ, ಅದರ ಭಾರಾನೇ ನಿಮ್ಮನ್ನ ಎತ್ತುತ್ತೆ. ಕೈಯಿಂದ ತಳ್ಳಿ."

ಮೂರು ವಾರದಲ್ಲಿ ಮೊದಲ ಸಲ ನೋವಿಲ್ಲದೆ ಎದ್ದು ಕೂತೆ.

ಚೆನ್ನಾಗಿ ಕಲಿಸುತ್ತಾಳೆ. ಹಾಳಾದವಳು.

"ಪರೀಕ್ಷೆ ಯಾವತ್ತು?" ಅಂದೆ.

"ಏಪ್ರಿಲ್ ಹನ್ನೆರಡಕ್ಕೆ. ಯಾಕೆ?"

"ಬರ್ತೀನಿ."

"ಮಾಡಿ ತೋರಿಸೋಕೆ ಆಗಲ್ಲ. ನಾನು ಫೇಲ್ ಮಾಡ್ಬೇಕಾಗುತ್ತೆ."

"ಮಾಡು. ಎಲ್ಲರೆದುರು ಮಾಡು. ನಿನಗೆ ಅದೇ ತಾನೇ ಬೇಕಿರೋದು?"

ಸೂಪು ಬಿಟ್ಟು ಹೋದಳು. ಓರಿನ್ ರಾತ್ರಿ ಅದನ್ನ ಕುಡಿದು, "ವಿಷ ಇಲ್ಲ," ಅಂದ. "ಉಪ್ಪು ಕಮ್ಮಿ."


ಏಪ್ರಿಲ್ 12, ಶನಿವಾರ

ಹೋದೆ. ಬೆಲ್ಟು ಅಂಗಿಯ ಮೇಲೇ ಕಟ್ಟಿಕೊಂಡು ಹೋದೆ. ನೋಡಲಿ.

ಹುಡುಗಿಯರ ಸರದಿ ಮುಗಿಯಿತು. ಪೈಪರ್ ಪಾಸ್. ನನಗೊಂದು ಕುರ್ಚಿ ಹಾಕಿದರು.

"ಯಾರ ಮೇಲೆ ಪಾಠ ಮಾಡ್ತೀರಿ?" ಅಂದಳು ಸಿಗ್ನಿ, ಪೆನ್ನು ಹಿಡಿದು.

"ನಿನ್ನ ಮೇಲೆ."

"ನಾನು ಮಾರ್ಕ್ಸ್ ಹಾಕ್ಬೇಕು."

"ನಿನ್ನ ಬೆನ್ನೇ ಹಾಕ್ಲಿ."

ಪೆನ್ನು ಇಟ್ಟಳು. ಬಂದು ಮಲಗಿದಳು, ಅಂಗಾತ. ಉಸಿರಿನಿಂದ ಶುರು ಮಾಡಿದೆ. ಕಾಲು, ಸೊಂಟ, ಒಂದರ ಹಿಂದೆ ಒಂದು. ನಾನು ಕುರ್ಚಿ ಬಿಟ್ಟು ಏಳಲಿಲ್ಲ, ಬೆರಳೂ ಎತ್ತಲಿಲ್ಲ. ಬರೀ ಮಾತು. ಅವಳ ದೇಹ ಕೇಳುತ್ತದೆ, ಅದನ್ನು ಒಪ್ಪಬೇಕು. ಹೇಳಿದ್ದಕ್ಕಿಂತ ಕೂದಲೆಳೆ ಹೆಚ್ಚು ಮಾಡುವುದಿಲ್ಲ.

ಆಮೇಲೆ, "ಬೋರಲು ಮಲಗು. ಕೈ ಹೆಗಲ ಪಕ್ಕ. ಎದೆ ಎತ್ತು."

ಎತ್ತಿದಳು. ಸಡಿಲ ಅಂಗಿ ಜಾರಿ ಬೆನ್ನಿಗೆ ಅಂಟಿತು. ಬಲಗಡೆ ಪಕ್ಕೆಲುಬು ಗುಡ್ಡದ ಹಾಗೆ ಎದ್ದಿತ್ತು, ಎಡಗಡೆ ತಗ್ಗು. ಹದಿನೆಂಟು ವರ್ಷದಿಂದ ನೋಡದಿದ್ದ ಬೆನ್ನು. ಐದೂ ಹುಡುಗಿಯರು ನೋಡುತ್ತಿದ್ದರು. ಅವಳ ಕತ್ತಿನ ಹಿಂಭಾಗ ಕೆಂಪಾಯಿತು. ಉಸಿರು ನಿಂತಿತು. ಹೆದರಿದ ದೇಹ ನನಗೆ ಗೊತ್ತಾಗುತ್ತದೆ.

ನಾಲಿಗೆ ತುದಿಗೆ ಏನೇನೋ ಬಂತು. ಹದವಾದ, ಚುರುಕಾದ ಮಾತುಗಳು. ನನ್ನ ಒಂದು ಮಣಿಗೆ ತಕ್ಕ ಬೆಲೆ.

"ಬಲಗಡೆ ಉಸಿರು ಸಾಕು," ಅಂದೆ. "ಅದು ಯಾವಾಗ್ಲೂ ದುಡಿಯುತ್ತೆ. ಎಡಕ್ಕೆ ಕಳ್ಸು. ಹೆಗಲಮೂಳೆ ಕೆಳಗೆ, ಹಿಂದಕ್ಕೆ. ಅಲ್ಲಿ ಜಾಗ ಇದೆ."

ತಡವಾಯಿತು. ಆಮೇಲೆ ಎಡಗಡೆಯ ತಗ್ಗು ಮೆಲ್ಲಗೆ ತುಂಬಿತು. ಎದೆ ಇನ್ನೂ ಎರಡು ಬೆರಳು ಮೇಲೆ ಹೋಯಿತು. ಪೈಪರ್ "ಅಯ್ಯೋ" ಅಂದಳು, ಮೆಚ್ಚಿ.

ಸಿಗ್ನಿ ಎದ್ದು ಕೂತಳು. ಕಣ್ಣು ಒದ್ದೆಯೋ ಏನೋ, ನಾನು ನೋಡಲಿಲ್ಲ. ಅಂಗಿ ಎಳೆದುಕೊಂಡಳು.

"ಪಾಠಕ್ಕೆ ಪೂರ್ತಿ ಮಾರ್ಕ್ಸ್," ಅಂದಳು. "ಮಾಡಿ ತೋರಿಸೋದಕ್ಕೆ ಸೊನ್ನೆ. ಎರಡೂ ಬೇಕು. ಫೇಲ್."

ಹೇಳಿಯೇಬಿಟ್ಟಳು! ಹುಡುಗಿಯರು ಗೊಳೋ ಅಂದರು. ನಾನು ಅವಳ ಜಾಗದಲ್ಲಿದ್ದರೂ ಫೇಲೇ ಮಾಡುತ್ತಿದ್ದೆ. ಅದಕ್ಕೇ ಇನ್ನೂ ಉರಿಯುತ್ತಿದೆ.

ಕಾರಿನವರೆಗೆ ಹಿಂದೆ ಬಂದಳು. ಸರೋವರದ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು.

"ವಿಮೆಯವರಿಗೆ ಹಾಲಲ್ಲಿ ಯಾರಾದ್ರೂ ಒಬ್ಬರ ಹತ್ರ ಸರ್ಟಿಫಿಕೇಟ್ ಇದ್ರೆ ಸಾಕಂತೆ. ಡ್ವೇನ್‌ನ ಕೇಳಿದೀನಿ. ಮಂಗಳವಾರ ನೀವು ಪಾಠ ಹೇಳಿ. ನಾನು ಮ್ಯಾಟ್ ಮೇಲಿರ್ತೀನಿ."

"ನಿನ್ನ ದಯೆ ನನಗೆ ಬೇಡ."

"ದಯೆ ಅಲ್ಲ. ಆ ಎಂಟು ಜನ ನನ್ನ ಮಾತು ಕೇಳಲ್ಲ. ನಗ್ತಾರೆ. ಬನ್ನು ತಿಂತಾರೆ. ಮಧ್ಯೆ ಕಾಫಿಗೆ ಏಳ್ತಾರೆ. ನಂಗೆ ತಡೆಯೋಕಾಗಲ್ಲ."

ಒಳಗೊಳಗೇ ಹಿತವಾಯಿತು. ತೋರಿಸಲಿಲ್ಲ.

"ನನ್ನ ಕ್ಲಾಸಲ್ಲಿ ನೀನು ಬಾಯಿ ಬಿಡಬಾರದು."

"ಬಿಡಲ್ಲ."

"ಕ್ಷಮೆ ಕೇಳ್ತೀನಿ ಅಂದ್ಕೋಬೇಡ. ನೆನಪಿಲ್ಲದ್ದಕ್ಕೆ ನಾನು ಕ್ಷಮೆ ಕೇಳಲ್ಲ."

"ನಾನೂ ಕೇಳಲ್ಲ," ಅಂದಳು. "ನಂಗೆ ಎಲ್ಲಾ ನೆನಪಿದೆ."


ಏಪ್ರಿಲ್ 15, ಮಂಗಳವಾರ

ಬೆಳಗ್ಗೆ ಓರಿನ್ ಬಿಟ್ಟು ಹೋದ. ಕುರ್ಚಿ ಮೇಲೆ ಕೂತೆ, ಬೆಲ್ಟು ಬಿಗಿದು. ಎದುರು ಎಂಟು ಜನ, ನಡುವೆ ಸಿಗ್ನಿ. ಮೊದಲು ಕೇಳಿದೆ — ಯಾರ್ಯಾರು ಮೂಳೆಯ ಸ್ಕ್ಯಾನ್ ಮಾಡಿಸಿದೀರಿ? ನಾಲ್ಕು ಕೈ ಎದ್ದವು. ಲೆಂಪಿಯದೂ. ಮೂಳೆ ಟೊಳ್ಳು ಅಂತ ಐದು ವರ್ಷದಿಂದ ಗೊತ್ತಂತೆ!

"ನೀನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ," ಅಂದಳು. "ಹೇಳಿದ್ರೆ ಕ್ಲಾಸಿಂದ ಓಡಿಸ್ತೀಯ ಅಂತ." ಆಮೇಲೆ ನನ್ನ ಬೆಲ್ಟು ನೋಡಿದಳು, ಸಿಗ್ನಿಯ ಬೆನ್ನು ನೋಡಿದಳು. "ಇಬ್ಬರು ಟೀಚರು. ಇಬ್ಬರದ್ದೂ ಸೇರಿಸಿದ್ರೆ ಒಂದು ಸರಿಯಾದ ಬೆನ್ನು."

ಮೊದಲು ನಕ್ಕಿದ್ದು ಸಿಗ್ನಿ.

ಬಾಯಿ ಬಿಡಲ್ಲ ಅಂದವಳು, ಕಾಲೆತ್ತಿ ನೂರು ಎಣಿಸುವ ಹಂಡ್ರೆಡ್ ಮುಗಿಯುವ ಮುಂಚೆಯೇ ಬಿಟ್ಟಳು. "ತಲೆ ಕೆಳಗೇ ಇರ್ಲಿ ಎಲ್ಲರ್ದೂ, ಎತ್ಬೇಡಿ." ನಾನು ಅದನ್ನೇ ಹೇಳಲು ಬಾಯಿ ತೆಗೆದಿದ್ದೆ. ಆಗಲೇ ಹೇಳಿದೆ ಅಂತ ನಾನು. ಹೇಳಲಿಲ್ಲ ಅಂತ ಅವಳು. ಎಂಟೂ ಜನ ಕಾಲು ಎತ್ತಿಕೊಂಡು ಕಾಯುತ್ತಿದ್ದಾರೆ, ನಾವಿಬ್ಬರು ಕಿತ್ತಾಡುತ್ತಿದ್ದೇವೆ. ಯಾರಿಗೋ ಮೀನಖಂಡ ಹಿಡಿಯಿತು.

ಮುಗಿದ ಮೇಲೆ ಮೆಟ್ಟಿಲಲ್ಲಿ ಇನ್ನೊಂದು ಸುತ್ತು. ರೋಲ್ ಅಪ್ ಜಾಗಕ್ಕೆ ಏನು ಹಾಕಬೇಕು? ಅಂಬೆಗಾಲಲ್ಲಿ ನಿಂತು ಎದುರು ಬದುರು ಕೈಕಾಲು ಚಾಚೋದು ಅಂತ ನಾನು. ಅವರ ಮೊಣಕಾಲಿಗೆ ಕಷ್ಟ, ಪಕ್ಕಕ್ಕೆ ಮಲಗಿಸೋಣ ಅಂತ ಅವಳು. ಮೊಣಕಾಲ ಕೆಳಗೆ ಟವೆಲ್ ಇಟ್ಟರೆ ಆಯಿತು. ಅಷ್ಟೂ ಗೊತ್ತಿಲ್ಲ, ಗೋಡೆ ತುಂಬ ಗುರುಗಳು.

ಫೋನ್ ಹೊಡ್ಕೊಳ್ತಿದೆ. ಅವಳೇ.

ಎತ್ತಲ್ಲ.

ಓರಿನ್ ಆ ಕಡೆಯಿಂದ, "ಎತ್ತೇ ಮಾರಾಯ್ತಿ, ಟೀವೀಲಿ ಆಟ ನೋಡೋಕೆ ಬಿಡಲ್ಲ ಅದು."

ಮತ್ತೆ ಹೊಡ್ಕೊಳ್ತಿದೆ. ಎತ್ತುತ್ತೀನಿ. ಎತ್ತಿದ ತಕ್ಷಣ, ಅವಳು ಬಾಯಿ ತೆಗೆಯೋಕೆ ಮುಂಚೆ, ಟವೆಲ್ ವಿಷಯ ತೆಗೆದು ಮೊದಲು ನಾನೇ ಬೈ—